ಕಾಂಗ್ರಾ ಕಣಿವೆಯಲ್ಲಿ ಐದು ದಿನ: ಒಂದೇ ಮನೆಯಲ್ಲಿ ಉಳಿದು, ದಿನಕ್ಕೊಂದು ದಿಕ್ಕು ನೋಡುವುದು ಹೇಗೆ?

ಮಾರ್ಚ್ ಬಂತು ಅಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಧರ್ಮಶಾಲಾಗೆ ಹೋಗ್ತಾ ಇದ್ದೀವಿ. ಐದು ದಿನ ಇದೆ. ಜೊತೆಗೆ ಅಪ್ಪ ಅಮ್ಮನೂ ಬರ್ತಾರೆ. ಏನೇನು ನೋಡಬಹುದು?" ಹಲವರು ತಮ್ಮ ಪಟ್ಟಿಯನ್ನೂ ಕಳಿಸುತ್ತಾರೆ. ಐದು ದಿನಕ್ಕೆ ಇಪ್ಪತ್ತು ಜಾಗ, ನಾಲ್ಕು ಹೋಟೆಲು, ನಡುವೆ ಡಾಲ್‌ಹೌಸಿ, ಕೊನೆಗೆ ಮನಾಲಿ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ರಜೆ ಕಾರಿನ ಸೀಟಿನಲ್ಲೇ ಕಳೆದುಹೋಗುತ್ತದೆ.

ಧರ್ಮಶಾಲಾ ಇರುವುದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. ಅದು ಹಾಗೆ ಓಡಾಡಿ ನೋಡುವ ಊರಲ್ಲ. ಇಲ್ಲಿ ಭತ್ತದ ಗದ್ದೆ, ಟೀ ತೋಟ, ಕಲ್ಲಿನ ಚಪ್ಪಡಿ ಹೊದಿಸಿದ ಮನೆಗಳಿವೆ. ಅವುಗಳ ಹಿಂದೆಯೇ ಧೌಲಾಧಾರ್ ಬೆಟ್ಟಸಾಲು ಗೋಡೆಯ ಹಾಗೆ ಎದ್ದು ನಿಂತಿದೆ. ನಡುವೆ ದೊಡ್ಡ ಗುಡ್ಡಗಳ ಅಡ್ಡಿ ಇಲ್ಲ. ನೀವು ನಿಂತಿರುವುದು 1,200 ಮೀಟರ್‌ನಲ್ಲಿ, ಕಣ್ಣೆದುರಿನ ಹಿಮ 4,000 ಮೀಟರ್‌ಗೂ ಮೇಲೆ. ಒಂದು ಹಳ್ಳಿಮನೆ ಹಿಡಿದು, ದಿನಕ್ಕೊಂದೇ ದಿಕ್ಕಿಗೆ ಹೋಗಿ, ಕತ್ತಲಾಗುವ ಮುಂಚೆ ಅದೇ ಮನೆಗೆ ವಾಪಸ್ ಬನ್ನಿ. ನಾನು ಹೇಳುವುದು ಇಷ್ಟೇ. ಅದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ತಿಂಗಳು ಆರಿಸಿ

ಮಾರ್ಚ್ ಕೊನೆಯಿಂದ ಜೂನ್ ಮಧ್ಯದವರೆಗೆ ಒಳ್ಳೆಯ ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಇನ್ನೂ ಒಳ್ಳೆಯದು, ಮಳೆ ತೊಳೆದ ಆಕಾಶದಲ್ಲಿ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಟೀ ಎಲೆಯ ಮೊದಲ ಕೊಯ್ಲು ನೋಡಬಹುದು. ಚಳಿಗಾಲದಲ್ಲಿ ಗಿಡಗಳು ಮಲಗಿರುತ್ತವೆ. ಆಗ ಟೀ ಫ್ಯಾಕ್ಟರಿಗೆ ಹೋದರೆ ಸುಮ್ಮನಿರುವ ಯಂತ್ರಗಳನ್ನು ನೋಡಿ ಬರಬೇಕಾಗುತ್ತದೆ.

ಜುಲೈ, ಆಗಸ್ಟ್ ಬೇಡ. ಧರ್ಮಶಾಲಾ ಸುತ್ತಮುತ್ತ ದೇಶದಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಒಂದು. ಆಗುಂಬೆ ಮಳೆ ನೋಡಿದವರು "ಅದೇನು ಮಹಾ" ಅನ್ನಬಹುದು. ಆದರೆ ಇಲ್ಲಿ ಮಳೆಯ ಜೊತೆ ಗುಡ್ಡವೂ ಜಾರುತ್ತದೆ, ರಸ್ತೆ ಮುಚ್ಚುತ್ತದೆ.

ಉಸಿರಾಟದ ತೊಂದರೆ ಆಗುತ್ತದಾ ಅಂತ ಹಿರಿಯರ ಬಗ್ಗೆ ಹಲವರು ಕೇಳುತ್ತಾರೆ. ನಾವು ಉಳಿಯುವ ಪಾಲಂಪುರದ ಎತ್ತರ ಸುಮಾರು 1,220 ಮೀಟರ್. ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ. ಲಡಾಖ್ ಥರ ಭಯ ಪಡುವಂಥದ್ದೇನಿಲ್ಲ. ಆದರೆ ಮೇ ತಿಂಗಳಲ್ಲೂ ಸಂಜೆಗೆ ಸ್ವೆಟರ್ ಬೇಕು, ಮಧ್ಯಾಹ್ನದ ಮೇಲೆ ದಿಢೀರ್ ಮಳೆಗೆ ಒಂದು ಕೊಡೆಯೂ ಬೇಕು.

ಹಂತ 2: ತಲುಪುವುದು

ಬೆಂಗಳೂರಿನಿಂದ ದೆಹಲಿಗೆ ಬನ್ನಿ. ಅಲ್ಲಿಂದ ಮೂರು ದಾರಿ. ರಾತ್ರಿ ವೋಲ್ವೋ ಬಸ್ ಹತ್ತಿದರೆ ಬೆಳಗ್ಗೆ ಕಣಿವೆಯಲ್ಲಿ ಇಳಿಯುತ್ತೀರಿ. ರೈಲಿನಲ್ಲಿ ಪಠಾಣ್‌ಕೋಟ್‌ವರೆಗೆ ಬಂದು ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿಯಬಹುದು. ಇಲ್ಲಾ, ಕಾಂಗ್ರಾದ ಗಗ್ಗಲ್ ವಿಮಾನ ನಿಲ್ದಾಣಕ್ಕೆ ಸಣ್ಣ ವಿಮಾನ. ವಯಸ್ಸಾದವರು ಜೊತೆಗಿದ್ದರೆ ರೈಲೇ ವಾಸಿ. ಬಸ್ಸಿನಲ್ಲಿ ಕೊನೆಯ ಮೂರು ಗಂಟೆ ಬರೀ ತಿರುವು.

ಗಗ್ಗಲ್‌ಗೆ ಬರುವ ವಿಮಾನಗಳು ಮೋಡ ಕವಿದರೆ ರದ್ದಾಗುತ್ತವೆ. ಹಾಗಾಗಿ ವಾಪಸ್ ಬರುವಾಗ ಗಗ್ಗಲ್–ದೆಹಲಿ ಮತ್ತು ದೆಹಲಿ–ಬೆಂಗಳೂರು ವಿಮಾನಗಳ ನಡುವೆ ಎರಡೇ ಗಂಟೆ ಇಟ್ಟುಕೊಳ್ಳಬೇಡಿ.

ಹಂತ 3: ಎಲ್ಲಿ ಉಳಿಯಬೇಕು

ಧರ್ಮಶಾಲಾ ಕಣಿವೆಯ ಒಂದು ತುದಿಯಲ್ಲಿದೆ, ಪ್ಯಾರಾಗ್ಲೈಡಿಂಗ್‌ಗೆ ಹೆಸರಾದ ಬೀರ್ ಇನ್ನೊಂದು ತುದಿಯಲ್ಲಿದೆ. ಪಾಲಂಪುರ ನಡುವೆ. ಹಾಗಾಗಿ ಪಾಲಂಪುರದ ಸುತ್ತಲಿನ ಹಳ್ಳಿಯಲ್ಲಿ ಮನೆ ಹಿಡಿಯಿರಿ. ಅಂದ್ರೇಟಾ ಕಡೆ ಆದರೂ ಸರಿ, ಟೀ ತೋಟದ ಕಡೆ ಆದರೂ ಸರಿ. ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ. ಮನೆಯ ಬಾಗಿಲವರೆಗೆ ಗಾಡಿ ಬರುತ್ತದಾ? ಬಸ್ ನಿಲ್ಲುವ ಜಾಗ ಎಷ್ಟು ದೂರ? ರಾತ್ರಿ ಊಟ ಮನೆಯಲ್ಲೇ ಸಿಗುತ್ತದಾ? ಮೊದಲನೆಯದನ್ನು ಮರೆತವರು ಸೂಟ್‌ಕೇಸ್ ತಲೆ ಮೇಲೆ ಹೊತ್ತು ಗದ್ದೆಯ ಬದುವಿನ ಮೇಲೆ ನಡೆದಿದ್ದಾರೆ.

ಹಂತ 4: ಓಡಾಟಕ್ಕೆ ಏನು

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ಇಲ್ಲಿ ಒಂದು ಗಂಟೆಗೆ 25 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಧರ್ಮಶಾಲಾ, ಪಾಲಂಪುರ, ಬೈಜನಾಥ್ ನಡುವೆ ಸರ್ಕಾರಿ ಮತ್ತು ಖಾಸಗಿ ಬಸ್ಸುಗಳು ಹಗಲೆಲ್ಲಾ ಓಡುತ್ತವೆ. ಹೆದ್ದಾರಿ ಬಿಟ್ಟು ಒಳಗಿನ ಹಳ್ಳಿಗಳಿಗೆ ಬಸ್ ಕಡಿಮೆ. ಸಂಜೆ ಬೇಗ ನಿಂತೇ ಹೋಗುತ್ತವೆ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ "ವಾಪಸ್ ಕೊನೆಯ ಬಸ್ ಎಷ್ಟು ಗಂಟೆಗೆ?" ಅಂತ ಕೇಳಿಕೊಳ್ಳಿ. ಹಿಂದಿ ಬಂದರೆ ಸಾಕು. "ಭಾಯಿ ಜೀ" ಅಂತ ಶುರು ಮಾಡಿ, ನಿಮ್ಮ ಸ್ಟಾಪ್ ಬಂದಾಗ ಅವರೇ ಕೂಗಿ ಇಳಿಸುತ್ತಾರೆ.

ಟ್ಯಾಕ್ಸಿ ಮಾಡಿದರೆ ಸ್ಟ್ಯಾಂಡಿನಲ್ಲಿ ಯೂನಿಯನ್ ದರದ ಪಟ್ಟಿ ಇದೆಯಾ ನೋಡಿ. ದರ ಮಾತಾಡುವಾಗ ಹೋಗುವ ಜಾಗಗಳ ಹೆಸರು, ಕಾಯುವ ಸಮಯ, ವಾಪಸ್ ಬಿಡುವುದು ಈ ಮೂರನ್ನೂ ಸೇರಿಸಿಯೇ ಮಾತಾಡಿ. ಒನ್ ವೇಗೆ ಮಾತ್ರ ಒಪ್ಪಿಕೊಂಡು ಹೋದರೆ ಕಷ್ಟ. ನಾನು ಮೊದಲ ಸಲ ಮಸ್ರೂರ್ ಗುಡಿಗೆ ಹಾಗೆ ಹೋಗಿ, ಇಳಿಸಿದ ಗಾಡಿ ಹೊರಟುಹೋಗಿ, ಕತ್ತಲಲ್ಲಿ ಮುಖ್ಯ ರಸ್ತೆವರೆಗೆ ನಡೆದಿದ್ದೇನೆ.

ಇನ್ನೊಂದು ತಪ್ಪು ಮ್ಯಾಪ್‌ನಲ್ಲಿ ಆಗುತ್ತದೆ. ಬೈಜನಾಥ್ ಅಂತ ಹುಡುಕಿದರೆ ಉತ್ತರಾಖಂಡದ ಬೈಜನಾಥ್ ಸಹ ಬರುತ್ತದೆ. ನಗರೋಟಾ ಎರಡಿವೆ. ನಗರೋಟಾ ಬಗವಾನ್ ಕಾಂಗ್ರಾ–ಪಾಲಂಪುರ ದಾರಿಯಲ್ಲಿ, ನಗರೋಟಾ ಸೂರಿಯಾನ್ ಪೋಂಗ್ ಜಲಾಶಯದ ಕಡೆ. ಕಾಂಗ್ರಾ ನಿಲ್ದಾಣವೇ ಬೇರೆ, ಕಾಂಗ್ರಾ ಮಂದಿರ್ ನಿಲ್ದಾಣವೇ ಬೇರೆ. ಪಾಲಂಪುರದ ರೈಲು ನಿಲ್ದಾಣ ಪೇಟೆಯಲ್ಲಿಲ್ಲ, ಮಾರಂಡಾದಲ್ಲಿದೆ. ಬೀರ್ ಅನ್ನುವ ಹೆಸರು ಹಿಂದಿ ಬೋರ್ಡುಗಳಲ್ಲಿ "ಬೀಡ್" ಅಂತ ಇರುತ್ತದೆ, ಗಾಬರಿಯಾಗಬೇಡಿ.

ಹಂತ 5: ದಿನಕ್ಕೊಂದು ದಿಕ್ಕು

ಎಲ್ಲ ದಿನಕ್ಕೂ ಒಂದೇ ನಿಯಮ. ಬೆಳಗ್ಗೆ ಏಳೂವರೆಗೆ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಧೌಲಾಧಾರ್ ಮೇಲೆ ಮೋಡ ಕೂತುಬಿಡುತ್ತದೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಟವರು ಐದು ದಿನ ಇದ್ದೂ ಬೆಟ್ಟವನ್ನು ಸರಿಯಾಗಿ ನೋಡದೆ ಹೋಗುತ್ತಾರೆ.

*ಮೊದಲ ದಿನ: ಎಲ್ಲಿಗೂ ಹೋಗಬೇಡಿ.* ರಾತ್ರಿ ಪ್ರಯಾಣ ಮಾಡಿ ಬಂದಿದ್ದೀರಿ. ಮನೆಯವರನ್ನು ಕೇಳಿ, ಹತ್ತಿರದ ಕೂಲ್ ಹಿಡಿದು ನಡೆಯಿರಿ. ಕೂಲ್ ಅಂದರೆ ಬೆಟ್ಟದ ಹೊಳೆಯಿಂದ ಗದ್ದೆಗೆ ನೀರು ತರುವ ಕಾಲುವೆ. ಹಳ್ಳಿಯವರೇ ಕಟ್ಟಿ, ಹಳ್ಳಿಯವರೇ ನೋಡಿಕೊಂಡು ಬಂದಿದ್ದು. ಸರದಿ ಪ್ರಕಾರ ನೀರು ತಿರುಗಿಸುವವನನ್ನು ಕೋಹ್ಲಿ ಅನ್ನುತ್ತಾರೆ. ನೀರು ಹರಿಯಬೇಕಲ್ವಾ, ಹಾಗಾಗಿ ಕಾಲುವೆ ಗುಡ್ಡವನ್ನು ಹತ್ತಿ ಇಳಿಯುವುದಿಲ್ಲ, ಅದರ ಸೊಂಟ ಬಳಸಿ ಹೋಗುತ್ತದೆ. ಪಕ್ಕದ ಕಾಲುದಾರಿಯೂ ಹೆಚ್ಚುಕಡಿಮೆ ಸಮತಟ್ಟು. ಮಂಡಿನೋವಿರುವ ಅಪ್ಪ ಅಮ್ಮನಿಗೆ ಇಡೀ ಕಣಿವೆಯಲ್ಲಿ ಇದಕ್ಕಿಂತ ಒಳ್ಳೆಯ ನಡಿಗೆ ನನಗೆ ಗೊತ್ತಿಲ್ಲ.

ಅದೃಷ್ಟ ಇದ್ದರೆ ದಾರಿಯಲ್ಲಿ ಘರಾಟ್ ಸಿಗುತ್ತದೆ. ಅದು ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಒಳಗೆ ಬಗ್ಗಿ ನೋಡಿ. ಬೀಸುಕಲ್ಲಿನ ಮೇಲೆ ಕಾಳಿನ ಬುಟ್ಟಿ ತೂಗುತ್ತಿರುತ್ತದೆ. ಅದಕ್ಕೆ ಕಟ್ಟಿದ ಸಣ್ಣ ಕಡ್ಡಿಯ ತುದಿ ತಿರುಗುವ ಕಲ್ಲಿಗೆ ತಾಗಿರುತ್ತದೆ. ಕಲ್ಲು ತಿರುಗಿದಂತೆ ಕಡ್ಡಿ ಟಕಟಕ ಅಂತ ಅಲುಗಿ ಸ್ವಲ್ಪ ಸ್ವಲ್ಪವೇ ಕಾಳು ಬೀಳಿಸುತ್ತದೆ. ನೀರು ಜೋರಾದರೆ ಕಾಳೂ ಜೋರು, ನೀರು ನಿಧಾನವಾದರೆ ಕಾಳೂ ನಿಧಾನ. ಯಾರೂ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕಿಲ್ಲ.

ಎಚ್ಚರಿಕೆ ಎರಡು. ಕಾಲುವೆಯ ಅಂಚು ಪಾಚಿಯಿಂದ ಜಾರುತ್ತದೆ, ಹಿಡಿತ ಇರುವ ಶೂ ಹಾಕಿ. ಟೀ ತೋಟದ ಸಾಲಿನೊಳಗೆ ನುಗ್ಗಿ ಫೋಟೋ ತೆಗೆಯಬೇಡಿ, ಎಲೆ ಕೀಳಬೇಡಿ. ಅದು ಒಬ್ಬರ ಬೆಳೆ. ಕೇಳಿದರೆ ಅವರೇ ಕರೆದು ತೋರಿಸುತ್ತಾರೆ. ಇಲ್ಲಿ 1849ರ ಹೊತ್ತಿಗೆ ಚೀನಾ ತಳಿಯ ಗಿಡ ನೆಟ್ಟು ಶುರುವಾದ ಟೀ ಇದು. ಎಲೆ ಸಣ್ಣದು, ರುಚಿ ಹಗುರ. ಹಾಲು ಹಾಕದೆ ಕುಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. 2005ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇಂಥ ಊರಿನ ಬೆಳೆ ಅನ್ನುವ ಕಾನೂನಿನ ಗುರುತು ಸಿಕ್ಕಿದೆ.

*ಎರಡನೇ ದಿನ: ಬೈಜನಾಥ್ ಮತ್ತು ಅಂದ್ರೇಟಾ.* ಪಾಲಂಪುರದಿಂದ ಬೈಜನಾಥ್ 16 ಕಿಲೋಮೀಟರ್ ಆಸುಪಾಸು. ಬಸ್ ಸಾಕು. ಆಹುಕ, ಮನ್ಯುಕ ಅನ್ನುವ ಇಬ್ಬರು ವ್ಯಾಪಾರಿ ಅಣ್ಣತಮ್ಮಂದಿರು 1204ರಲ್ಲಿ ಕಟ್ಟಿಸಿದ ಶಿವನ ಗುಡಿ ಇದು. ಶಾರದಾ ಅನ್ನುವ ಹಳೆಯ ಲಿಪಿಯ ಶಾಸನ ಇನ್ನೂ ಅಲ್ಲೇ ಇದೆ. 1905ರ ಏಪ್ರಿಲ್ 4ರ ಭೂಕಂಪ ಈ ಕಣಿವೆಯಲ್ಲಿ ಹತ್ತೊಂಬತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡಿತು. ಕಾಂಗ್ರಾ ಪೇಟೆ, ಗುಡಿ, ಕೋಟೆ ಎಲ್ಲ ಉರುಳಿದವು. ಬೈಜನಾಥ್ ಗುಡಿ ನಿಂತಿತು.

ಇಲ್ಲಿನ ಕತೆ ಕೇಳಿದರೆ ಗೋಕರ್ಣ ನೆನಪಾಗದೆ ಇರದು. ರಾವಣ ಶಿವಲಿಂಗ ತೆಗೆದುಕೊಂಡು ಲಂಕೆಗೆ ಹೊರಟಿದ್ದನಂತೆ. ದಾರಿಯಲ್ಲಿ ಸಿಕ್ಕ ದನಗಾಹಿಯ ಕೈಗೆ ಕೊಟ್ಟನಂತೆ, ಅವನು ಕೆಳಗಿಟ್ಟನಂತೆ, ಲಿಂಗ ಅಲ್ಲೇ ನೆಲಕ್ಕೆ ಕೂತಿತಂತೆ. ರಾವಣ ಇಲ್ಲಿ ಶಿವಭಕ್ತ. ಹಾಗಾಗಿ ಈ ಊರಿನಲ್ಲಿ ದಸರಾಕ್ಕೆ ರಾವಣನ ಪ್ರತಿಕೃತಿ ಸುಡುವುದಿಲ್ಲ. ಗುಡಿಯ ಹಿಂಬದಿಗೆ ಹೋಗಿ ನಿಲ್ಲಿ. ಕೆಳಗೆ ಬಿನ್ವಾ ಹೊಳೆ, ಎದುರಿಗೆ ಹಿಮ.

ವಾಪಸ್ ಬರುವಾಗ ಅಂದ್ರೇಟಾ. ಇದು ಕಲಾವಿದರ ಹಳ್ಳಿ. ಐರ್ಲೆಂಡಿನಿಂದ ಬಂದು ಪಂಜಾಬಿ ನಾಟಕಕ್ಕಾಗಿ ದುಡಿದ ನೋರಾ ರಿಚರ್ಡ್ಸ್ ಇಲ್ಲಿ ಮಣ್ಣಿನ ಮನೆ ಕಟ್ಟಿಕೊಂಡು ಉಳಿದರು. ಗುರುನಾನಕರ ಚಿತ್ರಗಳಿಂದ ಮನೆಮಾತಾದ ಶೋಭಾ ಸಿಂಗ್ ಕೂಡ ಇಲ್ಲೇ ನೆಲೆಸಿದರು. ಅವರ ಗ್ಯಾಲರಿ ಇದೆ, ಮಡಿಕೆ ಮಾಡುವ ಕೇಂದ್ರವೂ ಇದೆ. ಮಕ್ಕಳಿದ್ದರೆ ಚಕ್ರದ ಮೇಲೆ ಕೈಯಾಡಿಸಲು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ನೀವು ಮಾಡಿದ ಮಡಿಕೆ ಅದೇ ದಿನ ಕೈಗೆ ಸಿಗುವುದಿಲ್ಲ. ಒಣಗಬೇಕು, ಸುಡಬೇಕು.

ಈ ದಿನಕ್ಕೆ ಸಣ್ಣ ರೈಲನ್ನೂ ಸೇರಿಸಬಹುದು. ಪಠಾಣ್‌ಕೋಟ್‌ನಿಂದ ಜೋಗಿಂದರ್ ನಗರಕ್ಕೆ 164 ಕಿಲೋಮೀಟರ್ ಉದ್ದದ ನ್ಯಾರೋ ಗೇಜ್ ದಾರಿ, ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ. ಜೋಗಿಂದರ್ ನಗರದ ವಿದ್ಯುತ್ ಯೋಜನೆಗೆ ಸಾಮಾನು ಸಾಗಿಸಲು ಹಾಕಿದ ದಾರಿ ಇದು, 1929ರಿಂದ ಜನರನ್ನೂ ಹೊರುತ್ತಿದೆ. ಇಡೀ ದಾರಿಗೆ ಸುರಂಗ ಎರಡೇ. ಬೆಟ್ಟ ಕೊರೆಯುವ ಬದಲು ಬಳಸಿಕೊಂಡು ಹೋಗುವುದರಿಂದ ಕಿಟಕಿಯಲ್ಲಿ ನೋಟ ತಪ್ಪುವುದೇ ಇಲ್ಲ. ಅಂದ್ರೇಟಾಕ್ಕೆ ಹತ್ತಿರದ ನಿಲ್ದಾಣ ಪಂಚರುಖಿ, ಬೈಜನಾಥ್ ಕಡೆಗೆ ಬೈಜನಾಥ್ ಪಪರೋಲಾ. 2022ರ ಆಗಸ್ಟ್‌ನ ನೆರೆಯಲ್ಲಿ ಚಕ್ಕಿ ಹೊಳೆಯ ಸೇತುವೆ ಕುಸಿದಾಗ ಪಠಾಣ್‌ಕೋಟ್ ಜೊತೆಗಿನ ಸಂಪರ್ಕವೇ ತಪ್ಪಿತ್ತು. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದು ಮಾಮೂಲು. ಯಾವ ನಿಲ್ದಾಣದಿಂದ ಎಲ್ಲಿವರೆಗೆ ಓಡುತ್ತಿದೆ ಅಂತ ಹಿಂದಿನ ದಿನವೇ ನಿಲ್ದಾಣಕ್ಕೆ ಹೋಗಿ ಕೇಳಿ. ಗಾಡಿ ತಡವಾದರೂ ಪರವಾಗಿಲ್ಲ ಅನ್ನುವ ದಿನ ಮಾತ್ರ ಹತ್ತಿ.

*ಮೂರನೇ ದಿನ: ಕಾಂಗ್ರಾ ಕೋಟೆ ಮತ್ತು ಮಸ್ರೂರ್.* ಈ ದಿನ ಟ್ಯಾಕ್ಸಿ ಬೇಕೇ ಬೇಕು. ಮೊದಲು ಕೋಟೆ. ಬಾಣಗಂಗಾ, ಮಾಂಝಿ ಹೊಳೆಗಳು ಕೂಡುವಲ್ಲಿ ಎತ್ತರದ ದಿಬ್ಬದ ಮೇಲಿದೆ. 1009ರಲ್ಲಿ ಘಜ್ನಿ ಮಹಮೂದ್ ಲೂಟಿ ಮಾಡಿದ, 1620ರಲ್ಲಿ ಜಹಾಂಗೀರನ ಸೈನ್ಯ ಗೆದ್ದಿತು. ಮುಂದೆ ಕಟೋಚ್ ಮನೆತನದ ಸಂಸಾರ್ ಚಂದ್ ಮತ್ತೆ ಹಿಡಿದ. ಕಾಂಗ್ರಾ ಶೈಲಿಯ ಚಿತ್ರಕಲೆಗೆ ಆಸರೆಯಾದ ರಾಜ ಅವನೇ. ಒಂದರ ಹಿಂದೆ ಒಂದು ಬಾಗಿಲು ದಾಟುತ್ತಾ ಏರಬೇಕು. ಹತ್ತುವುದು ಕಷ್ಟವಲ್ಲ, ಆದರೆ ಬಿಸಿಲಿಗೆ ನೆರಳಿಲ್ಲ. ಹನ್ನೊಂದರೊಳಗೆ ಮುಗಿಸಿ. ಮೇಲಿನ ಅಂಗಳದ ಲಕ್ಷ್ಮೀನಾರಾಯಣ ಗುಡಿಯಲ್ಲಿ ಉಳಿದಿರುವುದು ಹಿಂಗೋಡೆ. ಆ ಕೆತ್ತನೆಯ ಮುಂದೆ ಎರಡು ನಿಮಿಷ ನಿಂತರೆ ಭೂಕಂಪ ಏನನ್ನು ಕಿತ್ತುಕೊಂಡಿತು ಅಂತ ಅರ್ಥವಾಗುತ್ತದೆ. ಅಂಚಿನ ಗೋಡೆಗಳ ಮೇಲೆ ಹತ್ತಿ ಫೋಟೋ ಬೇಡ, ಆಚೆ ನೇರ ಪ್ರಪಾತ.

ಮಸ್ರೂರ್‌ಗೆ ಅಲ್ಲಿಂದ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಇಡೀ ಗುಡಿಗಳ ಗುಂಪನ್ನು ಒಂದೇ ಮರಳುಗಲ್ಲಿನ ದಿಬ್ಬದಿಂದ ಕೊರೆದಿದ್ದಾರೆ, 8ನೇ ಶತಮಾನದಲ್ಲಿ. ಬಾದಾಮಿ ಗುಹೆ ನೋಡಿದವರಿಗೆ ಮರಳುಗಲ್ಲು ಹೊಸದಲ್ಲ. ಬಾದಾಮಿಯಲ್ಲಿ ಬಂಡೆಯ ಒಳಗೆ ಕೊರೆದರು. ಇಲ್ಲಿ ಬಂಡೆಯ ಹೊರಗಿನಿಂದ ಶಿಖರ ಸಮೇತ ಕಡೆದರು. ಎದುರಿಗೆ ಕೊಳ. ಗಾಳಿ ಇಲ್ಲದಿದ್ದರೆ ಶಿಖರಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ಊಟ, ಕುಡಿಯುವ ನೀರು ಕಾಂಗ್ರಾದಲ್ಲೇ ಮುಗಿಸಿಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋದವರು ಇಲ್ಲಿಂದ ಮುಂದೆ ನಗರೋಟಾ ಸೂರಿಯಾನ್ ಕಡೆ ಪೋಂಗ್ ಜಲಾಶಯದ ದಡಕ್ಕೆ ಹೋಗಿ. ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿದಿರುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವುದೂ ಇದೇ ಜಾತಿಯ ಹಕ್ಕಿ.

*ನಾಲ್ಕನೇ ದಿನ: ಬೀರ್.* ಇದು ಪ್ಯಾರಾಗ್ಲೈಡಿಂಗ್ ಮಾಡುವವರಿಗೆ ಮಾತ್ರ ಇರುವ ಊರಲ್ಲ. ಚೋಕ್ಲಿಂಗ್ ಮಠ ಇದೆ, ಟಿಬೆಟನ್ ಕಾಲೊನಿ ಇದೆ. ಬೈಲಕುಪ್ಪೆಗೆ ಹೋಗಿ ಬಂದವರಿಗೆ ಈ ಬೀದಿ, ಈ ಥುಕ್ಪಾ (ನೂಡಲ್ಸ್ ಸೂಪ್), ಈ ಪ್ರಾರ್ಥನಾ ಚಕ್ರ ಎಲ್ಲ ಗುರುತಿನವು. ಪೈನ್ ಕಾಡಿನೊಳಗಿನ ಶೆರಬ್‌ಲಿಂಗ್ ಮಠಕ್ಕೆ ತಪ್ಪದೆ ಹೋಗಿ. ಅಲ್ಲಿ ಮೆಲ್ಲಗೆ ಮಾತಾಡಿ. ಸ್ತೂಪವನ್ನು ನಮ್ಮ ಪ್ರದಕ್ಷಿಣೆಯ ಹಾಗೆ ಬಲಕ್ಕಿಟ್ಟುಕೊಂಡು ಸುತ್ತಿ.

ಹಾರುವವರಿಗೆ: ಜೀಪು ನಿಮ್ಮನ್ನು 14 ಕಿಲೋಮೀಟರ್ ಮೇಲಿನ ಬಿಲ್ಲಿಂಗ್‌ಗೆ ಒಯ್ಯುತ್ತದೆ. ಎತ್ತರ ಸುಮಾರು 2,400 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಅಲ್ಲಿಂದ ಟ್ಯಾಂಡೆಮ್, ಅಂದರೆ ಪೈಲಟ್ ಹಿಂದೆ, ನೀವು ಮುಂದೆ. ದುಡ್ಡು ಕೊಡುವ ಮೊದಲು ಇಷ್ಟು ನೋಡಿಕೊಳ್ಳಿ:

- ಪೈಲಟ್‌ಗೆ ಪ್ರವಾಸೋದ್ಯಮ ಇಲಾಖೆಯ ಲೈಸೆನ್ಸ್ ಇದೆಯಾ? ಕೇಳಿ, ಕಣ್ಣಾರೆ ನೋಡಿ.
- ಹೆಲ್ಮೆಟ್ ಮತ್ತು ತುರ್ತಿಗೆ ಎರಡನೇ ಪ್ಯಾರಾಚೂಟ್ ಇದೆಯಾ?
- ಹೇಳಿದ ದರದಲ್ಲಿ ಜೀಪು ಮತ್ತು ವಿಡಿಯೊ ಸೇರಿದೆಯಾ?
- ನಿಮ್ಮ ತೂಕ, ಬಿಪಿ, ಬೆನ್ನುನೋವು ಎಲ್ಲ ಮುಚ್ಚಿಡದೆ ಹೇಳಿ.

ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟಕ್ಕೆ ನಿಷೇಧ. ಆಗ ಯಾರಾದರೂ "ನಾವು ಹಾರಿಸ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಉಳಿದ ದಿನಗಳಲ್ಲೂ ಗಾಳಿ ಸರಿ ಇಲ್ಲ ಅಂತ ಪೈಲಟ್ ಹೇಳಿದರೆ ವಾದ ಮಾಡಬೇಡಿ. ಇದೇ ಕಾರಣಕ್ಕೆ ಹಾರಾಟವನ್ನು ಕೊನೆಯ ದಿನಕ್ಕೆ ಇಡಬಾರದು. ಓಡಿ ನೆಗೆಯಬೇಕಾದಾಗ ಪೈಲಟ್ "ದೌಡೋ" ಅನ್ನುತ್ತಾನೆ. ನಡುವೆ ಕೂರಬೇಡಿ, ಕಾಲು ನೆಲ ಬಿಡುವವರೆಗೂ ಓಡಿ. ಬೇಗ ಕೂತುಬಿಟ್ಟರೆ ಹೊರಡುವಾಗಲೇ ಗಾಯವಾಗಬಹುದು.

*ಐದನೇ ದಿನ: ಧರ್ಮಶಾಲಾ.* ಶನಿವಾರ, ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ. ವಾರದ ಕೊನೆಗೆ ಮೇಲಿನ ಧರ್ಮಶಾಲಾ, ಅಂದರೆ ಮೆಕ್ಲೋಡ್‌ಗಂಜ್‌ನ ಕಿರಿದಾದ ರಸ್ತೆ ಕಾರುಗಳಿಂದ ತುಂಬಿಹೋಗುತ್ತದೆ. ಬೆಳಗ್ಗೆ ನೇರ ಮೆಕ್ಲೋಡ್‌ಗಂಜ್‌ಗೆ ಹೋಗಿ ದಲೈ ಲಾಮಾ ಅವರ ಮುಖ್ಯ ಗುಡಿ ನೋಡಿ. ಬೆಂಕಿಪೊಟ್ಟಣ, ಲೈಟರ್ ತೆಗೆದುಕೊಂಡು ಹೋಗಬೇಡಿ, ತಪಾಸಣೆ ಇರುತ್ತದೆ. ದೇವದಾರು ಮರಗಳ ನಡುವಿನ 1852ರ ಚರ್ಚ್ ನೋಡಿ ಇಳಿಯಿರಿ. ಕೆಳಗೆ ಸಿದ್ಧಪುರದ ಟಿಬೆಟನ್ ಕಲಾಕೇಂದ್ರ ನೋರ್ಬುಲಿಂಗ್ಕಾದಲ್ಲಿ ಥಂಕಾ ಬಿಡಿಸುವವರು, ಮರ ಕೆತ್ತುವವರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬಹುದು. ಥಂಕಾ ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರ. ಭಾನುವಾರ ಕಾರ್ಯಾಗಾರಗಳಿಗೆ ರಜೆ.

ಮೆಕ್ಲೋಡ್‌ಗಂಜ್ ಮೇಲಿನ ತ್ರಿಯುಂಡ್ ಚಾರಣವನ್ನು ಈ ದಿನಕ್ಕೆ ತುರುಕಬೇಡಿ. ಅದು 2,850 ಮೀಟರ್‌ವರೆಗಿನ ಏರು, ಅದಕ್ಕೇ ಒಂದು ಪೂರ್ತಿ ದಿನ ಬೇಕು.

ಹಂತ 6: ಊಟ

ಕಾಂಗ್ರಾದವರು ಅನ್ನ ಉಣ್ಣುವ ಜನ, ನಮಗೆ ಒಗ್ಗದೆ ಇರದು. ಮದುವೆ, ಹಬ್ಬದ ಊಟಕ್ಕೆ ಧಾಮ್ ಅನ್ನುತ್ತಾರೆ. ಸಾಲಾಗಿ ನೆಲದ ಮೇಲೆ ಕೂತು ಎಲೆಯಲ್ಲಿ ಉಣ್ಣುವುದು, ನಮ್ಮ ಪಂಕ್ತಿಯ ಹಾಗೇ. ಬೋಟಿ ಅನ್ನುವ ಅಡುಗೆಯವರು ಕಿರಿಬಾಯಿಯ ಹಿತ್ತಾಳೆ ಪಾತ್ರೆಗಳಲ್ಲಿ ರಾತ್ರಿಯಿಂದಲೇ ಬೇಯಿಸುತ್ತಾರೆ. ಮೊಸರಿನಲ್ಲಿ ಕಾಬೂಲಿ ಕಡಲೆ ಕುದಿಸಿದ ಮದ್ರಾ ಮುಖ್ಯ. ನಮ್ಮ ಮಜ್ಜಿಗೆಹುಳಿ ಇಷ್ಟಪಡುವವರಿಗೆ ಇದು ಖಂಡಿತ ಇಷ್ಟವಾಗುತ್ತದೆ. ಮನೆಯವರಿಗೆ ಒಂದು ದಿನ ಮೊದಲೇ ಹೇಳಿದರೆ ಮದ್ರಾ ಮಾಡಿಕೊಡುತ್ತಾರೆ. ಅದೇ ದಿನ ಸಂಜೆ ಹೇಳಿದರೆ ಆಗದು, ಕಡಲೆ ನೆನೆಯಬೇಕಲ್ಲ.

ಹಂತ 7: ಜೋಪಾನವಾಗಿರಲು

ಇಲ್ಲಿನ ಹೊಳೆಗೆ ಖಡ್ಡ್ ಅನ್ನುತ್ತಾರೆ. ಬಿಳಿ ಉರುಟು ಬಂಡೆಗಳ ನಡುವೆ ಹಸಿರು ನೀರು, ನೋಡಿದರೆ ಇಳಿಯೋಣ ಅನ್ನಿಸುತ್ತದೆ. ನಿಮ್ಮ ಮೇಲೆ ಬಿಸಿಲಿದ್ದರೂ ಬೆಟ್ಟದಲ್ಲಿ ಮಳೆ ಸುರಿದಿದ್ದರೆ ನಿಮಿಷಗಳಲ್ಲಿ ನೀರು ಏರುತ್ತದೆ. ನೀರು ಕೆಂಪಾಯಿತು, ಕಸಕಡ್ಡಿ ತೇಲಿ ಬಂತು ಅಂದರೆ ಸಾಮಾನು ಬಿಟ್ಟಾದರೂ ದಡ ಹತ್ತಿ.

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಗದ್ದಿ ಅನ್ನುವ ಸಮುದಾಯದ ಕುರಿಗಾಹಿಗಳ ಮಂದೆ ರಸ್ತೆಯಲ್ಲೇ ಎದುರಾಗಬಹುದು. ಕಣಿವೆಯ ಅಂಚಿಗೆ ಸರಿಯಬೇಡಿ, ಗುಡ್ಡದ ಬದಿಗೆ ಒತ್ತಿ ನಿಲ್ಲಿ. ಮಂದೆಯ ನಾಯಿಗಳನ್ನು ಮುದ್ದಿಸಲು ಹೋಗಬೇಡಿ, ಅವು ಕೆಲಸದ ಮೇಲಿರುತ್ತವೆ.

ತುರ್ತಿಗೆ 112, ಆಂಬುಲೆನ್ಸ್‌ಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಕಾಂಗ್ರಾ ಹತ್ತಿರದ ಟಾಂಡಾದಲ್ಲಿದೆ. ದಿನನಿತ್ಯದ ಮಾತ್ರೆಗಳನ್ನು ಎರಡು ದಿನಕ್ಕೆ ಜಾಸ್ತಿಯೇ ಇಟ್ಟುಕೊಳ್ಳಿ. ಫೋನಿನಲ್ಲಿ ಹಣ ಕಳಿಸುವುದು ಎಲ್ಲ ಕಡೆ ನಡೆಯುತ್ತದೆ, ಆದರೆ ನೆಟ್‌ವರ್ಕ್ ಸಿಗದ ತಿರುವಿನಲ್ಲಿ ಬಸ್ ಟಿಕೆಟ್‌ಗೆ ಚಿಲ್ಲರೆಯೇ ಬೇಕು.

ಹಂತ 8: ಹೊರಡುವ ದಿನ

ರಾತ್ರಿ ಬಸ್ಸಾದರೆ ಟಿಕೆಟ್‌ನಲ್ಲಿ ಹತ್ತುವ ಜಾಗ ಸರಿಯಾಗಿ ಓದಿ. ಒಂದೇ ಊರಿಗೆ ಎರಡು ಸ್ಟಾಪ್ ಇರಬಹುದು. ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ, ಬಸ್ ನಿಮಗಾಗಿ ಕಾಯುವುದಿಲ್ಲ. ಸಂಜೆ ಊಟ ಹಗುರವಾಗಿರಲಿ. ವಾಂತಿಯ ಮಾತ್ರೆಯನ್ನು ಬಸ್ ಹತ್ತಿದ ಮೇಲಲ್ಲ, ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ. ಮುಂದಿನ ಸೀಟು ಸಿಕ್ಕರೆ ಅಮ್ಮನಿಗೆ ಕೊಡಿ, ತಿರುವು ಅಲ್ಲಿ ಕಡಿಮೆ ಕಾಡುತ್ತದೆ.